ಎಲ್ಲ ಬಿಟ್ಟುಕೊಟ್ಟ ಚಾರ್ಲ್ಸ್ ಸೇನೆಯನ್ನು ಮಾತ್ರ ಯಾಕೆ ಬಿಡಲಿಲ್ಲ? (1642ರ ಮಿಲಿಶಿಯಾ ಜಗಳ)

ಕೋಟೆಬಾಗಿಲು:
ಇಂಗ್ಲೆಂಡಿನ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ಒಂದು ವಿಷಯ ತಲೆಗೆ ಹತ್ತುತ್ತಿಲ್ಲ, ಇಲ್ಲಿ ಇತಿಹಾಸ ಓದಿದವರು, ಲಾ ಓದಿದವರು ಇದ್ದೀರಿ, ಸ್ವಲ್ಪ ಹೇಳಿ.

1641ರಲ್ಲಿ ಒಂದನೇ ಚಾರ್ಲ್ಸ್ ಏನೇನು ಕಳೆದುಕೊಂಡ ನೋಡಿ. ಮೂರು ವರ್ಷಕ್ಕೊಮ್ಮೆಯಾದರೂ ಪಾರ್ಲಿಮೆಂಟ್ ಸೇರಲೇಬೇಕು ಅನ್ನುವ ಕಾಯ್ದೆಗೆ ಒಪ್ಪಿದ. ಈಗಿರುವ ಪಾರ್ಲಿಮೆಂಟನ್ನು ಅದರ ಒಪ್ಪಿಗೆ ಇಲ್ಲದೆ ವಿಸರ್ಜಿಸುವುದಿಲ್ಲ ಅನ್ನುವುದಕ್ಕೂ ಒಪ್ಪಿದ. ತನ್ನ ನಂಬಿಕೆಯ ಮಂತ್ರಿ ಸ್ಟ್ರಾಫರ್ಡ್‌ನ ತಲೆ ಕಡಿಯುವುದಕ್ಕೂ ಒಪ್ಪಿಗೆ ಕೊಟ್ಟ. ಪಾರ್ಲಿಮೆಂಟನ್ನು ಕೇಳದೆ ಹಾಕುತ್ತಿದ್ದ ಹಡಗು ತೆರಿಗೆ ಹೋಯಿತು, ವಿರೋಧಿಗಳನ್ನು ಶಿಕ್ಷಿಸಲು ರಾಜನಿಗೆ ಅನುಕೂಲವಾಗಿದ್ದ ಸ್ಟಾರ್ ಚೇಂಬರ್ ಕೋರ್ಟ್ ಹೋಯಿತು. 1642ರ ಫೆಬ್ರವರಿಯಲ್ಲಿ ಬಿಷಪ್‌ಗಳನ್ನು ಲಾರ್ಡ್ಸ್ ಸಭೆಯಿಂದ ಹೊರಹಾಕುವ ಮಸೂದೆಗೂ ಹ್ಞೂಂ ಅಂದ. ಧರ್ಮದ ವಿಷಯದಲ್ಲಿ ಅಷ್ಟು ಹಟ ಇದ್ದ ಮನುಷ್ಯ ಅದನ್ನೂ ನುಂಗಿಕೊಂಡ!

ಆದರೆ ಮಾರ್ಚ್‌ನಲ್ಲಿ ನ್ಯೂಮಾರ್ಕೆಟ್‌ನಲ್ಲಿ ಪಾರ್ಲಿಮೆಂಟಿನ ಕಡೆಯವರು ಬಂದು, ಮಿಲಿಶಿಯಾವನ್ನು ಸ್ವಲ್ಪ ಕಾಲಕ್ಕಾದರೂ ಕೊಡ್ತೀರಾ ಅಂತ ಕೇಳಿದಾಗ, "ದೇವರಾಣೆ, ಒಂದು ಗಂಟೆಗೂ ಇಲ್ಲ" ಅಂದುಬಿಟ್ಟ. ಕೇಳಿದ್ದು ಪೆಂಬ್ರೋಕ್ ಅರ್ಲ್. ಆರು ತಿಂಗಳಲ್ಲಿ ಯುದ್ಧ. ಮಿಲಿಶಿಯಾ ಅಂದರೆ ಊರಿನ ಅರೆಕಾಲಿಕ ಸಿಪಾಯಿಗಳು ತಾನೇ? ಅದಕ್ಕೆ ಇಷ್ಟೊಂದು ಯಾಕೆ?

ಲಾಪುಸ್ತಕ:
ಅರೆಕಾಲಿಕ ಸಿಪಾಯಿಗಳೇ. ಆದರೆ ಅವರನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ಆಗ ಇಂಗ್ಲೆಂಡಿನಲ್ಲಿ ವರ್ಷವಿಡೀ ಸಂಬಳ ಕೊಟ್ಟು ಸಾಕುವ ಕಾಯಂ ಸೈನ್ಯ ಇರಲಿಲ್ಲ. ಪ್ರತಿ ಕೌಂಟಿಗೂ ಒಬ್ಬ ಲಾರ್ಡ್ ಲೆಫ್ಟಿನೆಂಟ್, ಅವನನ್ನು ನೇಮಿಸುವುದು ರಾಜ. ಅವನ ಕೈಕೆಳಗೆ ತರಬೇತಿ ಪಡೆದ ಊರ ಪಡೆಗಳು. ಊರಿನ ಆಯುಧ, ಮದ್ದುಗುಂಡು ಎಲ್ಲ ಅವರ ಸುಪರ್ದಿನಲ್ಲಿ. ಹಾಗಾಗಿ ಲೆಫ್ಟಿನೆಂಟ್ ಯಾರು ಅಂತ ನಿರ್ಧರಿಸುವವನೇ ದೇಶದ ಬಂದೂಕುಗಳ ಯಜಮಾನ.

ಇನ್ನೊಂದು ಮಜಾ ಇದೆ. ಈ ಮಿಲಿಶಿಯಾಕ್ಕೆ ಆಧಾರವಾಗಿದ್ದ 1558ರ ಕಾಯ್ದೆಯನ್ನು ಚಾರ್ಲ್ಸ್‌ನ ಅಪ್ಪ ಜೇಮ್ಸ್‌ನ ಕಾಲದಲ್ಲೇ, 1604ರಲ್ಲಿ, ರದ್ದು ಮಾಡಿದ್ದರು. ಅದರ ಜಾಗಕ್ಕೆ ಹೊಸದು ಬರಲಿಲ್ಲ. ಸುಮಾರು 40 ವರ್ಷ ಎಲ್ಲರೂ ಸುಮ್ನೆ ರೂಢಿಯ ಮೇಲೆ, ರಾಜನಿಗೆ ಹುಟ್ಟಿನಿಂದಲೇ ಬಂದ ಅಧಿಕಾರ ಅಂತ ನಡೆಸಿಕೊಂಡು ಬಂದರು. ಯಾರೂ ಪ್ರಶ್ನೆ ಮಾಡದಿದ್ದಾಗ ಇದು ಗಟ್ಟಿ ನೆಲ. ಪ್ರಶ್ನೆ ಎದ್ದಾಗ ಕೆಳಗೆ ನೋಡಿದರೆ ಏನೂ ಇಲ್ಲ.

ಪಡುಗಾಳಿ:
ಇವರು ಕಾನೂನು ಹೇಳಿದರು, ಆದರೆ ಕಾನೂನು ನೋಡಿ ಯಾರೂ ಯುದ್ಧಕ್ಕೆ ಇಳಿಯುವುದಿಲ್ಲ ಮಾರಾಯ್ರೆ. ಐರ್ಲೆಂಡ್ ಬಿಟ್ಟು ಈ ಕಥೆ ಹೇಳಿದರೆ ಅರ್ಥವೇ ಆಗುವುದಿಲ್ಲ.

1641ರ ಅಕ್ಟೋಬರ್ 23ಕ್ಕೆ ಐರ್ಲೆಂಡಿನಲ್ಲಿ ಕ್ಯಾಥೊಲಿಕರ ದಂಗೆ. ನವೆಂಬರ್ ಮೊದಲಲ್ಲಿ ಸುದ್ದಿ ಲಂಡನ್ನಿಗೆ ಬಂತು. ಕೊಲೆಗಳು ನಿಜವಾಗಿಯೂ ನಡೆದಿದ್ದವು, ಆದರೆ ಲಂಡನ್ನಿನ ಕರಪತ್ರಗಳಲ್ಲಿ ಅವು ಎಷ್ಟೋ ಪಟ್ಟು ಬೆಳೆದವು. ಜನ ಹೆದರಿ ನಡುಗಿದರು. ಈಗ ಸೈನ್ಯ ಕಟ್ಟಲೇಬೇಕು, ಇದರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಎರಡು ಮಾತಿಲ್ಲ. ದಂಗೆ ಅಡಗಿಸಬೇಕು ಅಂತ ಇಬ್ಬರೂ ಹೇಳುತ್ತಾರೆ. ಆದರೆ ಕಟ್ಟಿದ ಸೈನ್ಯ ಯಾರ ಕೈಗೆ?

ಪಾರ್ಲಿಮೆಂಟಿನಲ್ಲಿ ರಾಜನ ವಿರೋಧಿಗಳ ನಾಯಕ ಪಿಮ್ ಮತ್ತು ಅವನ ಗುಂಪಿನ ಲೆಕ್ಕ ಹೀಗೆ. ಆ ವರ್ಷದ ವಸಂತದಲ್ಲಷ್ಟೇ ಕೆಲವು ಸೇನಾಧಿಕಾರಿಗಳು ಸ್ಕಾಟರ ವಿರುದ್ಧ ಕಟ್ಟಿದ್ದ ಸೈನ್ಯವನ್ನು ರಾಜನ ಪರವಾಗಿ ಲಂಡನ್ ಕಡೆಗೆ ತಿರುಗಿಸುವ ಪಿತೂರಿ ಮಾಡಿ ಸಿಕ್ಕಿಬಿದ್ದಿದ್ದರು. ಸ್ಟ್ರಾಫರ್ಡ್‌ನನ್ನು ಲಂಡನ್ ಟವರಿನಿಂದ ಬಿಡಿಸುವ ಪ್ರಯತ್ನವೂ ಅದರ ಜತೆಗೇ ಬಯಲಾಯಿತು. ಅಂಥ ರಾಜನ ಕೈಗೆ ಹೊಸ ಸೈನ್ಯ ಕೊಟ್ಟರೆ ಅದು ಡಬ್ಲಿನ್‌ಗೆ ಹೋಗುವ ಮೊದಲು ವೆಸ್ಟ್‌ಮಿನ್‌ಸ್ಟರ್‌ಗೆ ಬರುವುದಿಲ್ಲ ಅಂತ ಏನು ಗ್ಯಾರಂಟಿ? ರಾಜನ ಲೆಕ್ಕವೂ ತಪ್ಪಲ್ಲ. ಪಾರ್ಲಿಮೆಂಟಿನ ಕೈಗೆ ಕೊಟ್ಟರೆ, ಸ್ಟ್ರಾಫರ್ಡ್ ಆದ ಮೇಲೆ ನಾಳೆ ಸರದಿ ಯಾರದು?

ಐರ್ಲೆಂಡ್ ಹೊತ್ತಿಕೊಳ್ಳದಿದ್ದರೆ ಇವರು ಸೈನ್ಯವೇ ಇಲ್ಲದೆ ಇನ್ನೂ ಹತ್ತು ವರ್ಷ ಕಾಗದದಲ್ಲೇ ಜಗಳ ಆಡುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಬೆಣ್ಣೆದೋಸೆ:
ರಾಜ ತಾನೇ ಸಭೆಗೆ ನುಗ್ಗಿ ಐದು ಜನ ಸದಸ್ಯರನ್ನು ಹಿಡಿಯೋಕೆ ಹೋಗಿದ್ದು ಇದೇ ಟೈಮಾ? "ಹಕ್ಕಿಗಳು ಹಾರಿಹೋಗಿವೆ" ಅಂದಿದ್ದು?

ಪಡುಗಾಳಿ:
ಅದೇ. 1642ರ ಜನವರಿ 4. ಪಿಮ್, ಹ್ಯಾಂಪ್ಡನ್, ಹೋಲ್ಸ್, ಹ್ಯಾಸಲ್‌ರಿಗ್, ಸ್ಟ್ರೋಡ್. ಇದರಲ್ಲಿ ಹ್ಯಾಸಲ್‌ರಿಗ್ ಹೆಸರನ್ನು ಗಮನಿಸಿ. ಅದಕ್ಕೆ ಒಂದು ತಿಂಗಳ ಹಿಂದೆ, ಡಿಸೆಂಬರ್ 7ರಂದು, ಮಿಲಿಶಿಯಾವನ್ನು ರಾಜನ ಕೈಯಿಂದ ತೆಗೆಯುವ ಮಸೂದೆ ಮಂಡಿಸಿದ್ದು ಅವನೇ. ಸ್ಪೀಕರ್ ಲೆಂತಾಲ್ ಮಂಡಿಯೂರಿ, ಈ ಸಭೆ ಹೇಳಿದ್ದನ್ನು ಬಿಟ್ಟು ನೋಡಲು ನನಗೆ ಕಣ್ಣಿಲ್ಲ, ಮಾತಾಡಲು ನಾಲಿಗೆಯಿಲ್ಲ ಅಂದಿದ್ದು ಅವತ್ತೇ. ಎಲ್ಲರೂ ಆ ಮಾತನ್ನೇ ಹೇಳುತ್ತಾರೆ. ಆದರೆ ಅವತ್ತು ಬಾಗಿಲ ಹೊರಗೆ ಕತ್ತಿ, ಪಿಸ್ತೂಲು ಹಿಡಿದು ನಿಂತಿದ್ದ ರಾಜನ ಜನರ ಬಗ್ಗೆ ಯಾರೂ ಹೇಳುವುದಿಲ್ಲ. ಒಳಗಿದ್ದ ಸದಸ್ಯರಿಗೆ ಅವರು ಕಾಣಲಿ ಅಂತಲೇ ಬಾಗಿಲು ತೆರೆದಿಟ್ಟಿದ್ದರು! ಅದನ್ನು ನೋಡಿದ ಮೇಲೆ ಮಿಲಿಶಿಯಾ ರಾಜನ ಕೈಯಲ್ಲಿರಲಿ ಅಂತ ಮತ ಹಾಕುವ ಧೈರ್ಯ ಯಾರಿಗೆ ಉಳಿದೀತು? ಲಂಡನ್ನಿನ ಊರ ಪಡೆಗಳು ಪಾರ್ಲಿಮೆಂಟಿನ ಕಡೆ ವಾಲಿದವು. ಜನವರಿ 10ಕ್ಕೆ ರಾಜ ಲಂಡನ್ ಬಿಟ್ಟ. ಮತ್ತೆ ಬಂದಿದ್ದು ಕೈದಿಯಾಗಿ.

ಯಾರ್ಕ್‌ಶೈರ್ ಕನ್ನಡಿಗ:
ನಾನು ಈ ಕಡೆಯೇ ಇರುವುದರಿಂದ ಹಲ್ ಊರಿನ ಬಗ್ಗೆ ಹೇಳಲೇಬೇಕು. ಎಲ್ಲರೂ ಲಂಡನ್ ಲಂಡನ್ ಅನ್ನುತ್ತೀರಿ.

ಸ್ಕಾಟರ ಮೇಲಿನ ಯುದ್ಧಕ್ಕೆ ಅಂತ ತಂದ ಆಯುಧ, ಮದ್ದುಗುಂಡು ಹಲ್‌ನಲ್ಲಿ ರಾಶಿ ಬಿದ್ದಿತ್ತು. ಲಂಡನ್ ಟವರ್ ಬಿಟ್ಟರೆ ದೊಡ್ಡ ಉಗ್ರಾಣ ಇದೇ. ಜತೆಗೆ ಬಂದರು. ರಾಣಿ ಹೆನ್ರಿಯೆಟಾ ಮರಿಯಾ ಫೆಬ್ರವರಿಯಲ್ಲೇ ಕಿರೀಟದ ಒಡವೆಗಳನ್ನು ತಗೊಂಡು ಹಾಲೆಂಡಿಗೆ ಹೋಗಿದ್ದಳು, ಅಡವಿಟ್ಟು ಬಂದೂಕು ಕೊಳ್ಳೋಕೆ. ಆ ಸಾಮಾನು ಇಳಿಸುವುದಕ್ಕೂ ರಾಜನಿಗೆ ಉತ್ತರದಲ್ಲಿ ಒಂದು ಬಂದರು ಬೇಕಿತ್ತು.

ಏಪ್ರಿಲ್ 23ಕ್ಕೆ ರಾಜ ಸ್ವತಃ ಹಲ್‌ನ ಬೆವರ್ಲಿ ಬಾಗಿಲಿಗೆ ಬಂದ. ಒಳಗೆ ಪಾರ್ಲಿಮೆಂಟ್ ನೇಮಿಸಿದ ಗವರ್ನರ್, ಸರ್ ಜಾನ್ ಹೋಥಮ್. ಬಾಗಿಲು ತೆಗೆಯಲಿಲ್ಲ! ಗೋಡೆ ಮೇಲೆ ನಿಂತುಕೊಂಡು, ನಾನು ನಿಮ್ಮ ನಿಷ್ಠಾವಂತ ಪ್ರಜೆ, ಆದರೆ ಪಾರ್ಲಿಮೆಂಟಿನ ಅಪ್ಪಣೆ ಮೀರಲಾರೆ ಅನ್ನುವ ಧಾಟಿಯಲ್ಲಿ ಮಾತಾಡಿದ. ರಾಜ ಅವನನ್ನು ರಾಜದ್ರೋಹಿ ಅಂತ ಸಾರಿ ವಾಪಸ್ ಹೋದ. ಬೇರೆ ಏನು ಮಾಡೋಕಾಗುತ್ತೆ, ಗೋಡೆ ಒಡೆಯೋ ಫಿರಂಗಿಗಳೇ ಆ ಗೋಡೆಯ ಒಳಗಿದ್ದವು.

ಆ ಬಾಗಿಲಿನ ಇಟ್ಟಿಗೆ ಬುಡ ಈಗಲೂ ಹಲ್ ಪೇಟೆ ಮಧ್ಯೆ ತಗ್ಗಿನಲ್ಲಿ ಕಾಣುತ್ತದೆ. ಸುತ್ತ ಅಂಗಡಿಗಳು. ಹೋಥಮ್ ಕಥೆ ಮಾತ್ರ ಬೇಜಾರು. ಮುಂದೆ ಅವನೂ ಅವನ ಮಗನೂ ರಾಜನ ಕಡೆ ಸೇರುವ ಸಂಚು ಮಾಡಿದರು ಅಂತ ಪಾರ್ಲಿಮೆಂಟೇ 1645ರ ಜನವರಿಯಲ್ಲಿ ಇಬ್ಬರ ತಲೆಯನ್ನೂ ತೆಗೆಸಿತು.

ಕೋಟೆಬಾಗಿಲು:
ಸರಿ, ಇದು ಗೊತ್ತಾಯಿತು. ಆದರೆ ರಾಜ ಒಪ್ಪದ ಮಸೂದೆ ಕಾಯ್ದೆ ಆಗುವುದಿಲ್ಲ ಅಲ್ವಾ? ಮತ್ತೆ ಪಾರ್ಲಿಮೆಂಟ್ ಯಾವ ಧೈರ್ಯದ ಮೇಲೆ ಹೋಥಮ್‌ಗೆ ಅಪ್ಪಣೆ ಕೊಟ್ಟಿತು?

ಲಾಪುಸ್ತಕ:
ಈ ಜಗಳದಲ್ಲಿ ನನಗೆ ಇಷ್ಟವಾದ ಭಾಗಕ್ಕೇ ಬಂದಿರಿ.

ರಾಜ ಒಪ್ಪಲಿಲ್ಲ ಅಂತಾದ ಮೇಲೆ ಎರಡೂ ಸಭೆಗಳು ಮಾರ್ಚ್ 5ಕ್ಕೆ ಅದನ್ನೇ ಆರ್ಡಿನೆನ್ಸ್ ಅಂತ ಕರೆದು ತಾವೇ ಪಾಸು ಮಾಡಿಕೊಂಡವು. ನಮ್ಮಲ್ಲಿ ಆರ್ಡಿನೆನ್ಸ್ ಅಂದರೆ ಸಂಸತ್ತು ಸೇರದಿದ್ದಾಗ ರಾಷ್ಟ್ರಪತಿ ಹೊರಡಿಸುವುದು. ಅಲ್ಲಿ ತಿರುಗಾಮುರುಗಾ, ರಾಜನನ್ನು ಬಿಟ್ಟು ಪಾರ್ಲಿಮೆಂಟ್ ಹೊರಡಿಸಿದ್ದು. ಕೌಂಟಿಗಳಿಗೆ ಹೊಸ ಲೆಫ್ಟಿನೆಂಟರ ಹೆಸರುಗಳೂ ಅದರಲ್ಲೇ ಇದ್ದವು.

ವಾದ ಏನು ಗೊತ್ತಾ? ರಾಜ ಅನ್ನುವ ಮನುಷ್ಯ ಬೇರೆ, ರಾಜ ಅನ್ನುವ ಪದವಿ ಬೇರೆ. ಮನುಷ್ಯ ಚಾರ್ಲ್ಸ್ ಕೆಟ್ಟ ಸಲಹೆಗಾರರ ಮಾತು ಕೇಳಿ ದಾರಿ ತಪ್ಪಿದ್ದಾನೆ. ಪದವಿಯ ಅಧಿಕಾರ ಪಾರ್ಲಿಮೆಂಟಿನಲ್ಲಿ, ಕೋರ್ಟುಗಳಲ್ಲಿ ಇದೆ. ಆದ್ದರಿಂದ ಪಾರ್ಲಿಮೆಂಟ್ ಹೇಳಿದ್ದೇ ರಾಜನ ನಿಜವಾದ ಅಪ್ಪಣೆ, ಆ ಮನುಷ್ಯ ಬೇಡ ಅಂದರೂ! ಇದನ್ನು ಹಿಡಿದುಕೊಂಡೇ ಜುಲೈನಲ್ಲಿ ಎಸೆಕ್ಸ್ ಅರ್ಲ್‌ನನ್ನು ಸೇನಾಪತಿ ಮಾಡಿದರು. ಅವನ ಸೈನ್ಯ ಹೋರಾಡಿದ್ದು "ರಾಜ ಮತ್ತು ಪಾರ್ಲಿಮೆಂಟಿಗಾಗಿ". ರಾಜನ ಹೆಸರಿನಲ್ಲಿ ರಾಜನ ಮೇಲೆ ಗುಂಡು.

ರಾಜನ ಕಡೆಯವರೂ ಕಮ್ಮಿ ಇಲ್ಲ. ಅವರು ಹಳೇ ಪೆಟ್ಟಿಗೆ ಕೆದಕಿ, ನಾಲ್ಕನೇ ಹೆನ್ರಿಯ ಕಾಲದ 1404ರ ಒಂದು ಪದ್ಧತಿಯನ್ನು ಎಳೆದು ತಂದರು. ಕಮಿಷನ್ ಆಫ್ ಅರೇ ಅಂತ. ಇಂಥವರು ಇಂಥ ಕೌಂಟಿಯಲ್ಲಿ ಪಡೆ ಕಟ್ಟಿ ಅನ್ನುವ ರಾಜಾಜ್ಞೆ, ಅದೂ ಲ್ಯಾಟಿನ್‌ನಲ್ಲಿ. ಓದಿದವರಿಗೂ ಸರಿಯಾಗಿ ತಿಳಿಯದ ಕಾಗದ. ತಿಳಿಯದಿದ್ದರೆ ಎದುರಾಳಿಗೆ ಲಾಭ. ಇದರಲ್ಲಿ ನಿಮ್ಮ ಆಸ್ತಿಯೆಲ್ಲ ಕಿತ್ತುಕೊಳ್ಳಬಹುದು ಅಂತ ಬರೆದಿದೆ ನೋಡಿ ಅಂತ ಪಾರ್ಲಿಮೆಂಟಿನವರು ಜನರಿಗೆ ಹೆದರಿಕೆ ಹುಟ್ಟಿಸಿದರು.

1642ರ ಬೇಸಿಗೆಯಲ್ಲಿ ಕೌಂಟಿಯ ಸಾಮಾನ್ಯ ರೈತನ ಪಾಡು ಯೋಚಿಸಿ. ಒಂದು ಕಡೆಯಿಂದ ಆರ್ಡಿನೆನ್ಸ್ ಪ್ರಕಾರ ಕವಾಯತಿಗೆ ಬಾ ಅನ್ನುವ ಕರೆ. ಇನ್ನೊಂದು ಕಡೆಯಿಂದ ರಾಜಾಜ್ಞೆ ಪ್ರಕಾರ ಬಾ ಅನ್ನುವ ಕರೆ. ಒಂದಕ್ಕೆ ಹೋದರೆ ಇನ್ನೊಬ್ಬರಿಗೆ ದ್ರೋಹಿ. ಎಷ್ಟೋ ಕೌಂಟಿಗಳವರು ನಮಗೆ ಇಬ್ಬರೂ ಬೇಡ, ನಿಮ್ಮ ಜಗಳ ನೀವು ಬಗೆಹರಿಸಿಕೊಳ್ಳಿ ಅಂತ ಅರ್ಜಿ ಬರೆದರು, ಕೆಲವು ಕಡೆ ತಟಸ್ಥ ಒಪ್ಪಂದವೂ ಆಯಿತು. ಯಾವುದೂ ನಿಲ್ಲಲಿಲ್ಲ. ಆಗಸ್ಟ್ 22ಕ್ಕೆ ನಾಟಿಂಗ್‌ಹ್ಯಾಮ್‌ನಲ್ಲಿ ರಾಜ ತನ್ನ ಧ್ವಜ ಏರಿಸಿದ. ಅಕ್ಟೋಬರ್ 23ಕ್ಕೆ ಎಜ್‌ಹಿಲ್ ಕದನ. ಐರ್ಲೆಂಡಿನ ದಂಗೆಗೆ ಸರಿಯಾಗಿ ಒಂದು ವರ್ಷ.

ಮಲ್ನಾಡ್‌ಮಳೆ:
ಇಲ್ಲಿ ಎಲ್ಲರೂ ಮೆಲ್ಲಗೆ ಪಾರ್ಲಿಮೆಂಟಿನ ಕಡೆ ವಾಲುತ್ತಿದ್ದೀರಿ. ಸ್ವಲ್ಪ ತಡೀರಿ.

ಪಾರ್ಲಿಮೆಂಟಿಗೆ ಕತ್ತಿ ಸಿಕ್ಕಿತು. ಆಮೇಲೆ ಏನಾಯಿತು? 1645ರಲ್ಲಿ ಹೊಸ ಮಾದರಿಯ ಸೈನ್ಯ ಕಟ್ಟಿದರು, ನೇಸ್‌ಬಿ ಕದನದಲ್ಲಿ ರಾಜನನ್ನು ಸೋಲಿಸಿದರು. ಗೆದ್ದ ಸೈನ್ಯಕ್ಕೆ ಬಾಕಿ ಸಂಬಳ ಕೊಡದೆ, ಮನೆಗೆ ಹೋಗಿ ಇಲ್ಲವೇ ಐರ್ಲೆಂಡಿಗೆ ಹೋಗಿ ಅಂದರು. ಸೈನ್ಯ ಹೋಗಲಿಲ್ಲ. 1648ರ ಡಿಸೆಂಬರ್ 6ಕ್ಕೆ ಕರ್ನಲ್ ಪ್ರೈಡ್ ಕೈಯಲ್ಲಿ ಪಟ್ಟಿ ಹಿಡಿದು ಕಾಮನ್ಸ್ ಸಭೆಯ ಮೆಟ್ಟಿಲಲ್ಲಿ ನಿಂತ. ತನಗಾಗದ ಸದಸ್ಯರನ್ನು ತಡೆದ, ಹಲವರನ್ನು ಬಂಧಿಸಿದ. ಚಾರ್ಲ್ಸ್ ಐದು ಜನರಿಗೆ ಮಾಡಲಾಗದ್ದನ್ನು ಪಾರ್ಲಿಮೆಂಟಿನ ಸ್ವಂತ ಸೈನ್ಯ ಅದಕ್ಕಿಂತ ಎಷ್ಟೋ ಜಾಸ್ತಿ ಜನರಿಗೆ ಮಾಡಿತು. 1653ರ ಏಪ್ರಿಲ್‌ನಲ್ಲಿ ಉಳಿದವರನ್ನೂ ಆ ಸೈನ್ಯದ ನಾಯಕ ಕ್ರಾಮ್‌ವೆಲ್ ಬಂದೂಕುಧಾರಿಗಳನ್ನು ಕರೆಸಿ ಓಡಿಸಿದ.

ಹಾಗಾಗಿ ಚಾರ್ಲ್ಸ್ ಒಂದು ಗಂಟೆಗೂ ಕೊಡುವುದಿಲ್ಲ ಅಂದಿದ್ದರಲ್ಲಿ ಪೂರ್ತಿ ಹುಚ್ಚೇನೂ ಇರಲಿಲ್ಲ. ಕಾಯ್ದೆ ಕೊಟ್ಟರೆ ನಾಳೆ ವಾಪಸ್ ಪಡೆಯಬಹುದು. ಕೋರ್ಟ್ ಹೋದರೆ ಇನ್ನೊಂದು ಕಟ್ಟಬಹುದು. ಸೈನ್ಯ ಕೈಬಿಟ್ಟರೆ ಬೇರೆ ಯಾವುದನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಮೂಲ ಪ್ರಶ್ನೆಗೆ ಉತ್ತರ ಇಷ್ಟೇ ಅಂತ ನನ್ನ ಅಭಿಪ್ರಾಯ.

1649ರಲ್ಲಿ ಚಾರ್ಲ್ಸ್‌ನ ತಲೆ ತೆಗೆದ ಮೇಲೆ ರಾಜನೇ ಇರಲಿಲ್ಲ. ಮತ್ತೆ 1660ರಲ್ಲಿ ಅವನ ಮಗ ರಾಜನಾಗಿ ವಾಪಸ್ ಬಂದ ಮೇಲೆ 1661ರ ಮಿಲಿಶಿಯಾ ಕಾಯ್ದೆ ಏನು ಹೇಳಿತು? ಸೇನೆಯ ಆಜ್ಞೆಯ ಪೂರ್ಣ ಅಧಿಕಾರ ರಾಜನೊಬ್ಬನದೇ, ಪಾರ್ಲಿಮೆಂಟಿನ ಯಾವ ಸಭೆಯೂ ಅದನ್ನು ಕೇಳುವಂತಿಲ್ಲ. ಇದನ್ನು ಬರೆದು ಪಾಸು ಮಾಡಿದ್ದು ಪಾರ್ಲಿಮೆಂಟೇ!

ಬೆಣ್ಣೆದೋಸೆ:
ಅಯ್ಯೋ, ಹಾಗಾದ್ರೆ ಅಷ್ಟೆಲ್ಲ ಜನ ಸತ್ತಿದ್ದು ಸುಮ್ನೆನಾ?

ಲಾಪುಸ್ತಕ:
ಮಲ್ನಾಡ್‌ಮಳೆ ಅವರೇ, ನೀವು ಹೇಳಿದ ಒಂದೊಂದು ಘಟನೆಯೂ ನಿಜ. ಆದರೆ 1661ಕ್ಕೇ ನಿಲ್ಲಿಸಿಬಿಟ್ಟಿರಿ.

1642ರವರು ಕೇಳಿದ್ದು ಆಜ್ಞೆ ಮಾಡುವ ಅಧಿಕಾರವನ್ನು. ಎರಡನೇ ಜೇಮ್ಸ್‌ನ ಜಾಗಕ್ಕೆ ಹಾಲೆಂಡಿನಿಂದ ಬಂದ ಮೂರನೇ ವಿಲಿಯಂನನ್ನು ರಾಜನನ್ನಾಗಿ ಮಾಡಿದ 1689ರವರು ಅದನ್ನು ಕೇಳಲೇ ಇಲ್ಲ. ನೀನೇ ಸೇನಾಪತಿ, ನೀನೇ ಅಧಿಕಾರಿಗಳನ್ನು ನೇಮಿಸು ಅಂತ ರಾಜನಿಗೇ ಬಿಟ್ಟರು. ಎರಡನೇ ಜೇಮ್ಸ್ ದೊಡ್ಡ ಸೈನ್ಯ ಕಟ್ಟಿ ಲಂಡನ್ ಪಕ್ಕದ ಹೌನ್‌ಸ್ಲೋ ಬಯಲಲ್ಲಿ ಬಿಡಾರ ಹೂಡಿಸಿದ್ದನ್ನು ನೋಡಿದ್ದವರು ಅವರು. ಆದ್ದರಿಂದ ಹಕ್ಕುಗಳ ಮಸೂದೆಯಲ್ಲಿ ಒಂದು ಸಾಲು ಹಾಕಿದರು. ಶಾಂತಿಕಾಲದಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ದೇಶದೊಳಗೆ ಕಾಯಂ ಸೈನ್ಯ ಇಡುವುದು ಕಾನೂನಿಗೆ ವಿರುದ್ಧ, ಅಂತ.

ಅದೇ ವರ್ಷ ಇಪ್ಸ್‌ವಿಚ್‌ನಲ್ಲಿ ಒಂದು ಸ್ಕಾಟಿಷ್ ರೆಜಿಮೆಂಟ್ ದಂಗೆ ಎದ್ದಿತು. ಹಾಲೆಂಡಿಗೆ ಹೋಗಿ ಅಂದರೆ ಜೇಮ್ಸನೇ ನಮ್ಮ ರಾಜ ಅಂತ ಉತ್ತರದ ಕಡೆ ನಡೆದುಬಿಟ್ಟರು. ಆಗಿನ ಸಾಮಾನ್ಯ ಕಾನೂನಿನಲ್ಲಿ ಶಾಂತಿಕಾಲದಲ್ಲಿ ಸಿಪಾಯಿ ಅಂದರೆ ಉಳಿದವರ ಹಾಗೇ ಒಬ್ಬ ಪ್ರಜೆ. ಅವನನ್ನು ಸೇನಾ ನ್ಯಾಯಾಲಯದಲ್ಲಿ ನಿಲ್ಲಿಸಿ ಮರಣದಂಡನೆ ಕೊಡುವ ಹಾಗಿಲ್ಲ. ಅದಕ್ಕೆ ಪಾರ್ಲಿಮೆಂಟ್ ಕಾಯ್ದೆ ಮಾಡಿಕೊಟ್ಟಿತು, ಮ್ಯುಟಿನಿ ಆ್ಯಕ್ಟ್. ಆದರೆ ಕೆಲವೇ ತಿಂಗಳ ಅವಧಿಗೆ! ಅವಧಿ ಮುಗಿದರೆ ಮತ್ತೆ ಪಾಸು ಮಾಡಬೇಕು. ಮುಂದೆ ವರ್ಷಕ್ಕೊಮ್ಮೆ ಅನ್ನುವುದು ರೂಢಿಯಾಯಿತು. ಮನೆ ಬಾಡಿಗೆ ಕರಾರಿನ ಹಾಗೆ, ಒಳಗೆ ಯಾರು ಯಜಮಾನಿಕೆ ಮಾಡಿದರೂ ಸರಿ, ವರ್ಷಕ್ಕೊಮ್ಮೆ ಬಂದು ಕೂತು ಮಾತಾಡಲೇಬೇಕು.

ಹನ್ನೊಂದು ವರ್ಷ ಪಾರ್ಲಿಮೆಂಟ್ ಕರೆಯದೆ ಆಳಿದ ಚಾರ್ಲ್ಸ್‌ಗೆ ಇದು ಇದ್ದಿದ್ದರೆ?

ಮಲ್ನಾಡ್‌ಮಳೆ:
ಲಾಪುಸ್ತಕ ಅವರೇ, ಪಾಠಪುಸ್ತಕದಲ್ಲಿ ಇದನ್ನೇ ಹೇಳಿಕೊಡುತ್ತಾರೆ, ಕೇಳೋಕೂ ಚೆನ್ನಾಗಿದೆ. ಆದರೆ 1698ರಿಂದ ಮೂರು ವರ್ಷಕ್ಕೂ ಜಾಸ್ತಿ ಮ್ಯುಟಿನಿ ಆ್ಯಕ್ಟ್ ಜಾರಿಯಲ್ಲೇ ಇರಲಿಲ್ಲ, ಗೊತ್ತಾ? ಸೈನ್ಯ ಮಾಯ ಆಗಲಿಲ್ಲ. ಹಾಗಾಗಿ ಆ ಕಾಯ್ದೆ ಒಂದು ದಾರ ಅಷ್ಟೇ. ಹಗ್ಗ ಅಂದರೆ ದುಡ್ಡು.

ಅದೇ ಹೊತ್ತಿನ ಕಥೆ ನೋಡಿ. ಮೂರನೇ ವಿಲಿಯಂ ಫ್ರಾನ್ಸ್ ಜತೆ ಯುದ್ಧ ಮುಗಿಸಿ 1697ರಲ್ಲಿ ಒಪ್ಪಂದ ಮಾಡಿಕೊಂಡ. ಯುರೋಪಿನಲ್ಲಿ ಹೆಸರು ಮಾಡಿದ ಯೋಧ. ಪಾರ್ಲಿಮೆಂಟ್ ಏನು ಮಾಡಿತು? ಯುದ್ಧ ಮುಗಿಯಿತಲ್ಲ, ಸೈನ್ಯ ಇಳಿಸಿ ಅಂದಿತು. ಕೊನೆಗೆ ಇಂಗ್ಲೆಂಡಿನಲ್ಲಿ 7,000 ಜನ ಮಾತ್ರ, ಅದೂ ಇಲ್ಲೇ ಹುಟ್ಟಿದವರೇ ಆಗಿರಬೇಕು. ಅಂದರೆ ವಿಲಿಯಂ ಜತೆ ಬಂದ ಅವನ ಪ್ರೀತಿಯ ಡಚ್ ಕಾವಲು ಪಡೆ ವಾಪಸ್ ಹೋಗಬೇಕು. ರಾಜ ಬೇಡಿಕೊಂಡ. ಕೇಳಲಿಲ್ಲ. ಸಿಟ್ಟಿಗೆ ಸಿಂಹಾಸನ ಬಿಟ್ಟು ಹೋಗುತ್ತೇನೆ ಅಂತ ಭಾಷಣ ಕೂಡ ಬರೆದಿಟ್ಟಿದ್ದ, ಓದಲಿಲ್ಲ. 1699ರಲ್ಲಿ ಡಚ್ ಪಡೆ ಹಡಗು ಹತ್ತಿತು.

ಒಂದು ಗುಂಡು ಹಾರಲಿಲ್ಲ. ಇದನ್ನು 1642ರ ಪಕ್ಕ ಇಟ್ಟು ನೋಡಿ.

ಪಡುಗಾಳಿ:
ಇದು ಒಪ್ಪುವ ಮಾತು. ಆದರೆ ಚಾರ್ಲ್ಸ್‌ನ ಕಾಲದಲ್ಲೂ ಹಣದ ಗಂಟು ಪಾರ್ಲಿಮೆಂಟಿನ ಕೈಯಲ್ಲೇ ಇತ್ತಲ್ಲ? ಅವನು ಪಾರ್ಲಿಮೆಂಟ್ ಕರೆದಿದ್ದೇ ದುಡ್ಡಿಲ್ಲದೆ. 1640ರಲ್ಲಿ ಸ್ಕಾಟರು ನ್ಯೂಬರ್ನ್‌ನಲ್ಲಿ ಸೋಲಿಸಿ ಉತ್ತರ ಇಂಗ್ಲೆಂಡಿನಲ್ಲೇ ಕೂತುಬಿಟ್ಟರು. ರಿಪನ್ ಒಪ್ಪಂದದ ಪ್ರಕಾರ ಅವರ ಖರ್ಚಿಗೆ ದಿನಕ್ಕೆ 850 ಪೌಂಡ್. ಸೋತವನೇ ಗೆದ್ದವರಿಗೆ ಊಟ ಹಾಕುವುದು! ಹಣದಿಂದಲೇ ಎಲ್ಲ ಬಗೆಹರಿಯುವುದಾದರೆ ಆಗಲೇ ಬಗೆಹರಿಯಬೇಕಿತ್ತು.

ಮಲ್ನಾಡ್‌ಮಳೆ:
ಚಾರ್ಲ್ಸ್‌ಗೆ ಪಾರ್ಲಿಮೆಂಟ್ ಬಿಟ್ಟು ಬೇರೆ ದಾರಿಗಳಿದ್ದವು, ಅಥವಾ ಇವೆ ಅಂತ ಅವನು ನಂಬಿದ್ದ. ಹಡಗು ತೆರಿಗೆ ಹಾಗೇ ಬಂದಿದ್ದು. ಅದನ್ನು ಕಟ್ಟಲ್ಲ ಅಂದ ಹ್ಯಾಂಪ್ಡನ್ ಕೇಸಿನಲ್ಲಿ 12 ನ್ಯಾಯಾಧೀಶರಲ್ಲಿ 7 ಜನ ರಾಜನ ಪರ ಹೇಳಿದರು. ವಿಲಿಯಂ ಹೊತ್ತಿಗೆ ಆ ದಾರಿಗಳೆಲ್ಲ ಮುಚ್ಚಿದ್ದವು. ಮೇಲಾಗಿ ಅವನಿಗೆ ಫ್ರಾನ್ಸ್ ಜತೆ ಹೋರಾಡಲು ವರ್ಷ ವರ್ಷ ಭಾರಿ ಹಣ ಬೇಕಿತ್ತು. ಅಷ್ಟು ದೊಡ್ಡ ಸೈನ್ಯ ಬೇಕು ಅನ್ನುವ ರಾಜನೇ ಪಾರ್ಲಿಮೆಂಟಿಗೆ ಜಾಸ್ತಿ ಸಿಕ್ಕಿಬೀಳುವುದು.

ಯಾರ್ಕ್‌ಶೈರ್ ಕನ್ನಡಿಗ:
ವಿಲಿಯಂ ಆದ ಮೇಲೆ ಬಂದ ರಾಣಿ ಆ್ಯನ್ ಕಥೆಯನ್ನೂ ಸೇರಿಸಿಕೊಳ್ಳಿ. ಎರಡೂ ಸಭೆ ಪಾಸು ಮಾಡಿದ ಮಸೂದೆಗೆ ಬ್ರಿಟನ್ನಿನ ಸಿಂಹಾಸನ ಕೊನೇ ಸಲ ಒಪ್ಪಿಗೆ ನಿರಾಕರಿಸಿದ್ದು 1708ರ ಮಾರ್ಚ್ 11ಕ್ಕೆ. ಯಾವ ಮಸೂದೆ ಹೇಳಿ? ಸ್ಕಾಟ್ಲೆಂಡಿನ ಮಿಲಿಶಿಯಾ ಮಸೂದೆ! ಎರಡನೇ ಜೇಮ್ಸ್‌ನ ಮಗನನ್ನು ದಡಕ್ಕೆ ಇಳಿಸಲು ಫ್ರೆಂಚ್ ಹಡಗುಗಳು ಬರುತ್ತಿವೆ ಅನ್ನುವ ಸುದ್ದಿ ಬಂದಿತ್ತು, ಆ ಹೊತ್ತಿನಲ್ಲಿ ಸ್ಕಾಟರ ಕೈಗೆ ಬಂದೂಕು ಕೊಟ್ಟರೆ ಯಾರ ಕಡೆ ತಿರುಗುತ್ತೋ ಅನ್ನುವ ಭಯ. ಆದರೆ ಅದು ರಾಣಿಯ ಹಟ ಅಲ್ಲ, ಅವಳ ಮಂತ್ರಿಗಳದೇ ಸಲಹೆ. ಹಾಗಾಗಿ ಯಾರೂ ಗಲಾಟೆ ಮಾಡಲಿಲ್ಲ.

ಈಗಿನ ಸ್ಥಿತಿ ಬೇಕಾದರೆ: ಇಲ್ಲಿ ಸೈನಿಕರು ಪ್ರಮಾಣ ಮಾಡುವುದು ಇವತ್ತಿಗೂ ರಾಜನ ಹೆಸರಿನಲ್ಲಿ. ಸೇನೆಯ ಕಾಯ್ದೆ ಐದು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ, 2006, 2011, 2016, 2021 ಹೀಗೆ. ನಡುವಿನ ವರ್ಷಗಳಲ್ಲಿ ಮುಂದುವರಿಸುವ ಆದೇಶಕ್ಕೆ ಪಾರ್ಲಿಮೆಂಟ್ ಒಪ್ಪಬೇಕು. ಆದರೆ ಯುದ್ಧಕ್ಕೆ ಕಳಿಸುವ ಅಧಿಕಾರ ಮಾತ್ರ ಇನ್ನೂ ಅದೇ ಹಳೇ ರಾಜಾಧಿಕಾರ, ಚಲಾಯಿಸುವವರು ಪ್ರಧಾನಿ. 2003ರಲ್ಲಿ ಇರಾಕಿಗೆ ಹೋಗುವ ಮುಂಚೆ ಕಾಮನ್ಸ್‌ನಲ್ಲಿ ಮತಕ್ಕೆ ಹಾಕಿದರು. 2013ರಲ್ಲಿ ಸಿರಿಯಾ ವಿಷಯಕ್ಕೆ 285-272ರಿಂದ ಸರ್ಕಾರ ಸೋತಿತು, ಸೈನ್ಯ ಹೋಗಲಿಲ್ಲ. ಇನ್ನು ಮುಂದೆ ಕೇಳದೆ ಹೋಗುವ ಹಾಗಿಲ್ಲ ಅಂತ ಎಲ್ಲರೂ ಅಂದುಕೊಂಡರು. 2018ರಲ್ಲಿ ಅದೇ ಸಿರಿಯಾ ಮೇಲೆ ಕೇಳದೆಯೇ ಬಾಂಬ್ ಹಾಕಿ, ಆಮೇಲೆ ಬಂದು ಸಭೆಗೆ ಹೇಳಿದರು.

ಕೋಟೆಬಾಗಿಲು:
ಅಂದರೆ ಚಾರ್ಲ್ಸ್ ಕೊಡಲ್ಲ ಅಂದಿದ್ದು ರಾಜನ ಕೈಯಿಂದ ಪ್ರಧಾನಿ ಕೈಗೆ ಹೋಗಿ ಕೂತಿದೆ, ಪಾರ್ಲಿಮೆಂಟಿಗೆ ಪೂರ್ತಿ ಬರಲೇ ಇಲ್ಲ. ಇದು ನಾನು ಯೋಚನೆ ಮಾಡದ ತಿರುವು. ನಮ್ಮ ಸಂವಿಧಾನದಲ್ಲಿ ಹೇಗೆ? ನಮ್ಮಲ್ಲೂ ಕಾಗದದ ಮೇಲೆ ರಾಷ್ಟ್ರಪತಿಯೇ ಮಹಾದಂಡನಾಯಕರು ಅಲ್ವಾ?

ಲಾಪುಸ್ತಕ:
53ನೇ ವಿಧಿ, ಎರಡನೇ ಉಪವಿಧಿ. ರಕ್ಷಣಾ ಪಡೆಗಳ ಸರ್ವೋಚ್ಚ ಆಧಿಪತ್ಯ ರಾಷ್ಟ್ರಪತಿಯವರದು, ಅದರ ಚಲಾವಣೆ ಕಾನೂನಿನ ಪ್ರಕಾರ ನಡೆಯಬೇಕು. ಆ ಎರಡನೇ ಅರ್ಧ ನೋಡಿ, 1642ರಲ್ಲಿ ಅದೊಂದು ಸಾಲು ಇದ್ದಿದ್ದರೆ ಹ್ಯಾಸಲ್‌ರಿಗ್‌ಗೆ ಕೆಲಸವೇ ಇರುತ್ತಿರಲಿಲ್ಲ. ಕಾನೂನು ಮಾಡುವುದು ಸಂಸತ್ತು. ರಾಷ್ಟ್ರಪತಿ ನಡೆಯುವುದು 74ನೇ ವಿಧಿಯಂತೆ ಮಂತ್ರಿಮಂಡಲದ ಸಲಹೆ ಮೇಲೆ.

ಬೆಣ್ಣೆದೋಸೆ:
ನಮ್ಮ ಆರ್ಮಿ ಆ್ಯಕ್ಟ್ ಕೂಡ ಐದು ವರ್ಷಕ್ಕೊಮ್ಮೆ ಪಾಸು ಮಾಡಬೇಕಾ?

ಲಾಪುಸ್ತಕ:
ಇಲ್ಲ. ನಮ್ಮದು 1950ರದು, ಅದಕ್ಕೆ ಮುಗಿಯುವ ತಾರೀಕಿಲ್ಲ. ತಿದ್ದುಪಡಿ ಬೇಕಾದಾಗ ಮಾಡುತ್ತಾರೆ ಅಷ್ಟೇ. ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರುವುದು ರಕ್ಷಣೆಯ ಅನುದಾನ ಬೇಡಿಕೆ ಮಾತ್ರ. ಅದೂ ಎಷ್ಟೋ ವರ್ಷ ಚರ್ಚೆಯೇ ಇಲ್ಲದೆ ಉಳಿದ ಇಲಾಖೆಗಳ ಜತೆ ಒಟ್ಟಿಗೆ ಪಾಸಾಗುತ್ತದೆ.